ಮೂರು ಪಾಲಾದ ಬಂದೂಕು

ನಮ್ಮ ಮನೆಯ ಗಂಡಸರಿಗೆ ಬಂದೂಕಿನ ವಿಷಯದಲ್ಲಿ ಚೆನ್ನಾಗಿ ಗೊತ್ತಿರುವುದು ಒಂದೇ: ಅದನ್ನು ಹೆಗಲಿಗೆ ಒರಗಿಸಿಕೊಂಡು ಫೋಟೊ ತೆಗೆಸಿಕೊಳ್ಳುವುದು. ಆಗ ಮೀಸೆಯ ಮೇಲೆ ಯಾವ ಕೈ ಇರಬೇಕು, ಕಣ್ಣನ್ನು ಎಷ್ಟು ಕಿರಿದು ಮಾಡಬೇಕು ಎಂಬುದೆಲ್ಲ ಅವರಿಗೆ ರಕ್ತದಲ್ಲೇ ಬಂದಿದೆ. ನಾನು ಮದುವೆಯಾಗಿ ಬಂದ ಹೊಸತರಲ್ಲಿ, ಇದರಲ್ಲಿ ಮದ್ದು ಎಲ್ಲಿಂದ ತುಂಬುತ್ತಾರೆ ಎಂದು ಕೇಳಿದ್ದೆ. ಭಾವ ಹಿಂಬದಿಯಿಂದ ಎಂದರು. ನನ್ನ ಗಂಡ ಬದಿಯಿಂದ ಎಂದರು. ಮೈದುನ, "ನಿಮಗ್ಯಾಕ ಬೇಕ್ರಿ ವೈನಿ, ನೀವೇನ್ ಹುಲಿ ಹೊಡ್ಯಾಕ ಹೊಂಟೀರಿ?" ಎಂದ. ಮೂತಿಯಿಂದಲೇ ಮದ್ದು, ಮೂತಿಯಿಂದಲೇ ಗುಂಡು, ಆಮೇಲೆ ಸರಳಿನಿಂದ ಜಡಿಯುವುದು ಎಂದು ನನಗೆ ತಿಳಿಯುವ ಹೊತ್ತಿಗೆ ನನ್ನ ತಲೆ ಅರ್ಧ ಬೆಳ್ಳಗಾಗಿತ್ತು.

ಮಾವನವರು ಬದುಕಿದ್ದಾಗಲೇ ಗಡಹಿಂಗ್ಲಜದ ಹೊಲ, ಮನೆ, ಪಾತ್ರೆ, ಎಮ್ಮೆ ಎಲ್ಲವನ್ನೂ ಮೂವರು ಮಕ್ಕಳಿಗೆ ಪಾಲು ಮಾಡಿಕೊಟ್ಟಿದ್ದರು. ಯಾರೂ ದನಿ ಎತ್ತಲಿಲ್ಲ. ದನಿ ಎದ್ದದ್ದು ದೇವರ ಕೋಣೆಯ ಗೋಡೆಗೆ ತೂಗುಹಾಕಿದ್ದ ಈ ಬಂದೂಕಿಗೆ. ಅದರ ಕಿವಿಯಲ್ಲಿ, ಅಂದರೆ ಬೆಂಕಿ ಒಳಗೆ ಹೋಗುವ ತೂತಿನಲ್ಲಿ, ಯಾರೋ ಯಾವ ಕಾಲದಲ್ಲೋ ಸೀಸ ಕಾಯಿಸಿ ಹೊಯ್ದಿದ್ದರು. ಕಾಗೆಯನ್ನೂ ಹೆದರಿಸಲಾರದ ವಸ್ತು. ಅದಕ್ಕಾಗಿ ಮೂವರು ಬೆಳೆದ ಗಂಡಸರು ಎರಡು ಹೊತ್ತು ಊಟ ಬಿಟ್ಟು ಕುಳಿತರು. ಕೊನೆಗೆ ಮಾವ ನನ್ನ ಹೊಲಿಗೆ ಯಂತ್ರದ ಡಬ್ಬಿಯಿಂದ ಸ್ಕ್ರೂಡ್ರೈವರ್ ತರಿಸಿ, ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು ಬಿಚ್ಚಿದರು. ಉದ್ದನೆಯ ಕಬ್ಬಿಣದ ನಳಿಗೆ ಹಿರಿಯ ಮಗನಿಗೆ. ಕಿಡಿ ಹಾರಿಸುವ ಕುದುರೆ, ಅದರ ಸ್ಪ್ರಿಂಗು ತಗಡಿನ ಸಮೇತ, ಕಿರಿಯವನಿಗೆ. ಉಳಿದ ಮರದ ದಿಂಡು ನಡುವಿನವರಿಗೆ, ಅಂದರೆ ನಮಗೆ. "ಕಟ್ಟಿಗಿ ನಮಗ ಬಂತೇನು?" ಎಂದು ನನ್ನ ಗಂಡ ಅವತ್ತು ಮುಖ ಮಾಡಿದ್ದು ಇಂದಿಗೂ ಪೂರ್ತಿ ಇಳಿದಿಲ್ಲ.

ನಳಿಗೆಯನ್ನು ದಿಂಡಿಗೆ ಕಚ್ಚಿಸುವ ಒಂದು ಉದ್ದ ಸ್ಕ್ರೂ ಉಳಿಯಿತು. ಅದನ್ನು ಮಾವ ಅತ್ತೆಯ ಕೈಗೆ ಕೊಟ್ಟರು. ಅತ್ತೆ ಎಲೆ ಅಡಿಕೆಯ ಸಂಚಿಗೆ ಹಾಕಿಕೊಂಡರು. "ಖಂಡೇನವಮಿ ದಿನಾ, ಆಯುಧ ಪೂಜಿಗೆ, ಅವ್ವ ಎಲ್ಲಿ ಇರ್ತಾಳ ಅಲ್ಲಿ ಮೂರೂ ತುಂಡು ತರ್ರಿ. ಜೋಡ್ಸಿ ಪೂಜಿ ಮಾಡ್ರಿ. ಮತ್ತ ಬಿಚ್ಚಿ ತಗೊಂಡ್ ಹೋಗ್ರಿ." ಇಷ್ಟು ಹೇಳಿ ಮಾವ ಊಟಕ್ಕೆ ಎದ್ದರು.

ಅಂದಿನಿಂದ ಅದೇ ನಡೆದುಬಂದಿದೆ. ಅತ್ತೆ ಕಣ್ಣಿನ ಡಾಕ್ಟರಿಗೆ ಹತ್ತಿರವಾಗಲೆಂದು ಕೊಲ್ಲಾಪುರಕ್ಕೆ ನಮ್ಮ ಮನೆಗೆ ಬಂದ ಮೇಲೆ ಪೂಜೆಯೂ ಇಲ್ಲಿಗೇ ಬಂತು. ಗಡಹಿಂಗ್ಲಜದಿಂದ ಭಾವ ನಳಿಗೆಯನ್ನು ಧೋತರದಲ್ಲಿ ಸುತ್ತಿ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಬರುತ್ತಾರೆ. ಇಚಲಕರಂಜಿಯಿಂದ ಮೈದುನ ಕುದುರೆಯನ್ನು ಟಿಫಿನ್ ಡಬ್ಬಿಯಲ್ಲಿಟ್ಟು ತರುತ್ತಾನೆ. ವರ್ಷದ ಉಳಿದ ದಿನಗಳಲ್ಲಿ ಈ ಅಣ್ಣತಮ್ಮಂದಿರು ಮದುವೆ ಮನೆಗಳಲ್ಲಿ ಒಬ್ಬರಿಗೊಬ್ಬರು ಬೆನ್ನು ಮಾಡಿ ಊಟಕ್ಕೆ ಕೂಡುತ್ತಾರೆ. ಆ ಒಂದು ದಿನ ಮಾತ್ರ ಮೂವರೂ ಒಂದು ಪಂಕ್ತಿಯಲ್ಲಿ ಕೂತು ನಾನು ಬಡಿಸಿದ ಕರಿಗಡಬು ತಿನ್ನುತ್ತಾರೆ. ಅತ್ತೆ ಬಾಗಿಲಿನ ಹತ್ತಿರ ಕಾಲು ಚಾಚಿ ಕೂತು, ಯಾರ ಎಲೆಯಲ್ಲಿ ತುಪ್ಪ ಕಡಿಮೆ ಎಂದು ನೋಡುತ್ತಾರೆ. ಕಣ್ಣಿಗೆ ಪೊರೆ ಬಂದರೂ ಅದು ಕಾಣುತ್ತದೆ.

ಇನ್ನು ಕಥೆಗಳು. ಭಾವನ ಪ್ರಕಾರ ನಮ್ಮ ಹಿರಿಯರು ಗಡದ ಕೋಟೆಯ ಮೇಲೆ ನಿಂತು ಈ ನಳಿಗೆಯಿಂದ ಗೋರಾ ಸಿಪಾಯಿಗಳನ್ನು, ಅಂದರೆ ಬಿಳಿಯರನ್ನು, ಸಾಲಾಗಿ ಕೆಡವಿದ್ದರು. ನಳಿಗೆಯ ಬುಡದಲ್ಲಿ ಎಲೆಯಾಕಾರದ ಒಂದು ಸಣ್ಣ ಗುರುತಿದೆ. ಅದು ಬಿಲ್ವಪತ್ರೆ, ದೇವರೇ ಒತ್ತಿದ್ದು ಎಂದು ಮನೆಯಲ್ಲಿ ನಂಬಿಕೆ. ಪ್ರತಿ ವರ್ಷ ಮೊದಲ ಕುಂಕುಮ ಅದಕ್ಕೆ. ಮೈದುನನ ಪ್ರಕಾರ ಕುದುರೆಯೇ ಬಂದೂಕಿನ ಜೀವ, ಅದಿಲ್ಲದ ನಳಿಗೆ ನೀರಿನ ಪೈಪು. ನನ್ನ ಗಂಡನಿಗೆ ಕಟ್ಟಿಗೆಯ ಬಗ್ಗೆ ಹೇಳಿಕೊಳ್ಳುವಂಥ ಕಥೆ ಇರಲಿಲ್ಲ. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಒಂದನ್ನು ಕಟ್ಟಿದರು: ಈ ಮರ ಅರಮನೆಯ ತೋಟದ್ದು.

ದಿಂಡು ನಮ್ಮ ಅಟ್ಟದ ಮೇಲೆ ನನ್ನ ಹಳೆಯ ಸೀರೆಯೊಂದರಲ್ಲಿ ಸುತ್ತಿ ಮಲಗಿರುತ್ತದೆ. ವರ್ಷಕ್ಕೊಮ್ಮೆ ಎಣ್ಣೆ ತಿಕ್ಕುವವಳು ನಾನು. ಬೆಳಗಾವಿಯ ಕಾನ್ವೆಂಟಿನಲ್ಲಿ ಕಸೂತಿ ಕಲಿಸುತ್ತಿದ್ದ ಸಿಸ್ಟರ್ ನಮ್ಮ ಬಟ್ಟೆಯನ್ನು ಮೊದಲು ತಿರುವಿ ಹಾಕುತ್ತಿದ್ದರು. ಮುಂದಿನ ಹೂವು ಎಷ್ಟೇ ಚೆಂದವಿರಲಿ, ಹಿಂದಿನ ಗಂಟು ನೋಡಿ ಮಾರ್ಕ್ಸು. ಆ ಚಾಳಿ ನನಗೆ ಹೋಗಿಲ್ಲ. ಎಣ್ಣೆ ತಿಕ್ಕುವಾಗ ದಿಂಡನ್ನು ತಿರುವಿ ನೋಡಿದ್ದೆ. ಅರಮನೆಯ ಮರದ ಕೆಳಬದಿಯಲ್ಲಿ ಒಂದು ಚೌಕನೆಯ ಕಿಂಡಿಯನ್ನು ಬೇರೆ ಮರದಿಂದ ಮುಚ್ಚಿ ಮೇಣ ಬಳಿದಿದ್ದರು. ಬಂದೂಕಿಗೆ ಅಲ್ಲಿ ಕಿಂಡಿ ಯಾಕೆ? ಕೇಳಲಿಲ್ಲ. ಈ ಮನೆಯಲ್ಲಿ ಕೇಳಿದರೆ ಇನ್ನೊಂದು ಕಥೆ ಹುಟ್ಟುತ್ತದೆ.

ಎಲ್ಲ ಹೀಗೇ ನಡೆಯುತ್ತಿತ್ತು. ಆದರೆ ಭಾವ ಹೊಸ ಬಂಗಲೆ ಕಟ್ಟಿಸಿದರು. ಹಾಲಿನ ಗೋಡೆಗೆ ಗಾಜಿನ ಕಪಾಟು, ಒಳಗೆ ಮಖಮಲ್ಲು, ಮೇಲೆ ಸಣ್ಣ ಸಣ್ಣ ದೀಪ. "ಬಂದೂಕು ಪೂರಾ ಜೋಡ್ಸಿ ಅಲ್ಲೇ ಇಡೋಣು. ಕೆಳಗ ಹಿತ್ತಾಳಿ ಪಾಟಿ ಹಾಕ್ಸೇನಿ. ಇಂಥಾ ಮನೆತನದ್ದು, ಇಂಥಾ ಇಸವಿದು ಅಂತ. ದೊಡ್ಡ ದೊಡ್ಡ ಮಂದಿ ಬರ್ತಾರ್ರಿ ಮನಿಗೆ," ಎಂದು ಫೋನಿನಲ್ಲಿ ಹೇಳಿದರು. ರಸಗೊಬ್ಬರದ ಅಂಗಡಿಯವರ ಮನೆಗೆ ಎಂಥ ದೊಡ್ಡವರು ಬರುತ್ತಾರೋ ನನಗೆ ತಿಳಿಯದು. ರಿಬ್ಬನ್ ಕತ್ತರಿಸಲು ಒಬ್ಬರನ್ನು ಗೊತ್ತು ಮಾಡಿಯೂ ಆಗಿತ್ತು.

ಮೈದುನ ಒಪ್ಪಿದ, ಪಾಟಿಯ ಮೇಲೆ ತನ್ನ ಹೆಸರೂ ಇರಬೇಕು, ಅಷ್ಟೇ. ನನ್ನ ಗಂಡ ಒಪ್ಪಿದ್ದಕ್ಕೆ ಕಾರಣವೇ ಬೇಕಿರಲಿಲ್ಲ, ಅಟ್ಟ ಖಾಲಿಯಾಗುತ್ತದೆ.

ಅತ್ತೆ ಮೆಂತೆ ಸೊಪ್ಪು ಬಿಡಿಸುತ್ತಿದ್ದರು. ಫೋನು ಇಟ್ಟ ಮೇಲೆ ಬಹಳ ಹೊತ್ತು ಬರೀ ಕಡ್ಡಿಗಳನ್ನೇ ಬುಟ್ಟಿಗೆ ಹಾಕಿ ಎಲೆಗಳನ್ನು ನೆಲಕ್ಕೆ ಹಾಕುತ್ತಿದ್ದರು. ಆಮೇಲೆ ನನಗೊಬ್ಬಳಿಗೇ ಕೇಳುವಂತೆ, "ಬಂದೂಕು ಒಂದ ಮನ್ಯಾಗ ಕೂಡ್ತಂದ್ರ, ಇವು ಮೂರು ಯಾಕ ಒಂದ ಮನ್ಯಾಗ ಕೂಡ್ತಾವ ಹೇಳು," ಎಂದರು. ನಾನು ಎಲೆಗಳನ್ನು ಆಯ್ದು ಬುಟ್ಟಿಗೆ ಹಾಕಿದೆ. ಆ ಒಂದು ಹಬ್ಬ ಹೋದರೆ ಮುದುಕಿಗೆ ತನ್ನ ಮೂರು ಮಕ್ಕಳನ್ನು ಒಟ್ಟಿಗೆ ನೋಡಲು ತಾನೇ ಸಾಯಬೇಕಾಗುತ್ತಿತ್ತು.

ಪಾಟಿಗೆ ಇಸವಿ ಬೇಕಲ್ಲ. ಹಳೆಯ ಆಯುಧಗಳನ್ನು ನೋಡಿ ಕಾಲ ಹೇಳುವ ಒಬ್ಬ ನಿವೃತ್ತ ಮಾಸ್ತರು ಕೊಲ್ಲಾಪುರದಲ್ಲಿದ್ದಾರೆಂದು ಗೊತ್ತಾಯಿತು. ನಮ್ಮ ಮನೆಯಲ್ಲೇ ಭಾನುವಾರ ಎಲ್ಲರೂ ಸೇರುವುದೆಂದಾಯಿತು. ಭಾವ ಬಂದರು, ನಳಿಗೆ ಬಂತು. ಮೈದುನ ಬಂದು ಟಿಫಿನ್ ಡಬ್ಬಿಯ ಮುಚ್ಚಳ ತೆಗೆದ. ಒಳಗೆ ಕುದುರೆ ಹೊಸ ಕಾಲ್ಗೆಜ್ಜೆಯಂತೆ ಹೊಳೆಯುತ್ತಿತ್ತು.

"ಹುಪರಿಯೊಳಗ ಬೆಳ್ಳಿ ನೀರು ಕುಡಿಸ್ಕೊಂಡ್ ಬಂದೆ. ಸಾಹೇಬ್ರು ನೋಡಾಕ ಬರ್ತಾರ, ಹಂಗ ಜಂಗ ಹಿಡದದ್ದು ತೋರ್ಸಾಕ ಆಗತೈತೇನು?"

ಹುಪರಿ ಬೆಳ್ಳಿ ಕೆಲಸಕ್ಕೆ ಹೆಸರಾದ ಊರು. ಬೆಳ್ಳಿ ಹಿಡಿಯಬೇಕೆಂದರೆ ಮೊದಲು ಚಕ್ರಕ್ಕೆ ಕೊಟ್ಟು ನುಣ್ಣಗೆ ಉಜ್ಜುತ್ತಾರೆ. ತಗಡಿನ ಮೇಲಿದ್ದ ಬರಹ, ಗೀಟು, ಕಿರೀಟದಂಥ ಚಿತ್ರ, ಎಲ್ಲ ಸಾಪಾಗಿತ್ತು. ದೇವರ ಮೂರ್ತಿಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಮೂಗು ಕಣ್ಣು ಇಲ್ಲದಂತೆ ಮಾಡುವ ನಮ್ಮ ಮಂದಿಗೆ ಇದು ಭಕ್ತಿ.

ಮಾಸ್ತರು ತೆಳ್ಳಗಿನ ಮನುಷ್ಯ. ಬಾಲ್ಯ ಬೆಳಗಾವಿ ಗಡಿಯ ಕೋವಾಡದಲ್ಲಿ ಕಳೆದದ್ದರಿಂದ ಮರಾಠಿಯ ನಡುವೆ ಕನ್ನಡ ಬರುತ್ತಿತ್ತು. ಕೈಚೀಲದಿಂದ ಭೂತಕನ್ನಡಿ, ಹಲ್ಲಿನ ಡಾಕ್ಟರರು ಬಾಯಲ್ಲಿಡುವಂಥ ಕನ್ನಡಿ, ಚಿಮಟ, ಬೆಣ್ಣೆ ಕಾಗದ ತೆಗೆದಿಟ್ಟರು. ನಾನು ಊಟದ ಮೇಜಿನ ಮೇಲೆ ಹಳೆಯ ಚಾದರ ಹಾಸಿದೆ. ಚಹಾ ಆಮೇಲೆ ಎಂದರು. ಕುದುರೆಯನ್ನು ನೋಡಿ ಒಮ್ಮೆ ಕಣ್ಣು ಮುಚ್ಚಿ ತೆರೆದರು.

"ಹೆ ಕುಣೀ ಕೇಲಂ? ಯಾರು ಮಾಡಿದ್ರಿ ಇದನ್ನ?"

"ನಾನ ರೀ," ಎಂದು ಮೈದುನ ಎದೆ ಉಬ್ಬಿಸಿದ.

"ಛಾನ್," ಎಂದು ಮಾಸ್ತರು ಅದನ್ನು ಪಕ್ಕಕ್ಕೆ ಸರಿಸಿ ನಳಿಗೆ ತೆಗೆದುಕೊಂಡರು. ಮೈದುನ ಅದನ್ನು ಹೊಗಳಿಕೆ ಎಂದೇ ತಿಳಿದು ನನ್ನ ಕಡೆ ಹುಬ್ಬು ಹಾರಿಸಿದ.

ನಳಿಗೆಯ ಬಿಲ್ವಪತ್ರೆಯಲ್ಲಿ ಕುಂಕುಮ ಎಣ್ಣೆ ಸೇರಿ ಕಲ್ಲಾಗಿತ್ತು. ಮಾಸ್ತರು ಅರಳೆಯನ್ನು ಒದ್ದೆ ಮಾಡಿ ಮಗುವಿನ ಕಿವಿ ಒರೆಸುವಂತೆ ಒರೆಸಿದರು. ಬೆಣ್ಣೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರು. ಎಲೆಯ ಒಳಗೆ ಅಡ್ಡ ಉದ್ದ ಗೆರೆ ಎದ್ದಿತು, ಗೆರೆಗಳ ಸಂದಿಯಲ್ಲಿ ಇಂಗ್ಲಿಷ್ ಅಕ್ಷರಗಳು. ನಾನು ಅವರು ಹೇಳುವ ಮೊದಲೇ ಓದಿದ್ದೆ.

"ಇದು ಬೇಲಪತ್ರ ನವ್ಹ, ಬಿಲ್ವಪತ್ರಿ ಅಲ್ಲ. ಇದು ಹೃದಯದ ಚಿಹ್ನ. ಕಂಪನಿ ಸರಕಾರದ್ದು. ಆಮ್ಯಾಲ ಅವರು ಇದನ್ನ ಬಿಟ್ಟು ಸಿಂಹದ ಗುರ್ತು ಹಾಕಿದ್ರು. ಅದಕ್ಕ ನಳಗಿ ಸಿಂಹಕ್ಕಿಂತ ಮೊದಲಿಂದು. ಇನ್ನೂರು ವರ್ಷ ದಾಟೇತಿ. ಗೋರಾ ಫೌಜಿನ ಬಂದೂಕು."

ತಲೆಮಾರುಗಳಿಂದ ನಾವು ಕಂಪನಿಗೆ ಕುಂಕುಮ ಹಚ್ಚಿ, ಅದಕ್ಕೇ ಕಾಯಿ ಒಡೆಯುತ್ತಿದ್ದೆವು. ಭಾವನ ಮುಖದಲ್ಲಿ ಬಣ್ಣ ಹೋಗಿ ಬರಲು ಒಂದು ಗುಟುಕು ನೀರಿನಷ್ಟು ಹೊತ್ತು ಸಾಕಾಯಿತು.

"ಅಂದ್ರ ಗೋರ್ಯಾನ ಕೈಯಾಗಿಂದ ಕಸಗೊಂಡಾರ ನಮ್ಮ ಹಿರ್ಯಾರು! ನಾ ಮೊದಲಿಂದ ಹೇಳಾಕತ್ತಿಲ್ಲೇನು?"

"ಇಲ್ಲಾ ಗೋರ್ಯಾನ ಕಡೆ ಪಗಾರಕ್ಕ ಇದ್ದಿರಬೇಕು," ಎಂದರು ನನ್ನ ಗಂಡ, ಬ್ಯಾಂಕಿನವರ ಅಭ್ಯಾಸದಿಂದ.

"ನೀ ಸುಮ್ನಿರೋ ಕಟ್ಟಿಗಿ!" ಎಂದರು ಭಾವ.

ಅತ್ತೆ ಬಾಗಿಲಿನಿಂದ, "ಯಾರ ಮನಿದ ಉಂಡಿದ್ರೂ ಉಂಡಾರ ಬಿಡ್ರೋ. ಹಸ್ಕೊಂಡಂತೂ ಇರಲಿಲ್ಲಲ್ಲ," ಎಂದರು.

ಮಾಸ್ತರು ಇದೆಲ್ಲ ಕೇಳಿಸದವರಂತೆ ಕುದುರೆಯನ್ನು ಬೋರಲು ಹಾಕಿದರು. ಸಿಸ್ಟರ್ ನೆನಪಾದರು. ಹುಪರಿಯವರು ಮುಂಭಾಗ ಉಜ್ಜಿದ್ದರು, ಹಿಂಭಾಗ ಉಜ್ಜಿರಲಿಲ್ಲ. ಅದರ ಮೇಲೆ ಬೆಳ್ಳಿ ತೆಳುವಾಗಿ ಹರಿದಿತ್ತಷ್ಟೇ. ಮಾಸ್ತರು ಕನ್ನಡಿ ಹಿಡಿದು ತೋರಿಸುತ್ತ ಹೋದರು. ಈ ನಳಿಗೆಯ ಕಾಲದಲ್ಲಿ ಕುದುರೆಯ ಬಾಯಲ್ಲಿ ಚಕಮಕಿ ಕಲ್ಲು ಇರುತ್ತಿತ್ತು, ಬದಿಗೆ ಮದ್ದಿನ ಸಣ್ಣ ಬಟ್ಟಲು. ಆ ಬಟ್ಟಲು ಕೂಡಿಸಿದ ತೂತುಗಳು ಈ ತಗಡಿನಲ್ಲಿ ಇಲ್ಲ, ಮುಚ್ಚಿದ ಗುರುತೂ ಇಲ್ಲ. ಇದು ಹುಟ್ಟಿದ್ದೇ ಟಿಕಳಿಯ ಕಾಲದಲ್ಲಿ. ದೀಪಾವಳಿಗೆ ಮಕ್ಕಳು ಪಿಸ್ತೂಲಿನಲ್ಲಿ ಹಾಕಿ ಚಟ್ ಅನ್ನಿಸುತ್ತಾರಲ್ಲ, ಅಂಥದ್ದೇ ತಾಮ್ರದ ಟೋಪಿಯ ಮೇಲೆ ಈ ಕುದುರೆ ಬಡಿಯುತ್ತಿತ್ತು. ಅಂದರೆ ನಳಿಗೆಗಿಂತ ಒಂದು ತಲೆಮಾರು, ಎರಡು ತಲೆಮಾರು ಚಿಕ್ಕದು. ಬೇರೆ ಯಾವುದೋ ಬಂದೂಕಿನಿಂದ ಕಿತ್ತು, ಅಂಚು ಅರದಿಂದ ಉಜ್ಜಿ, ಇದಕ್ಕೆ ಕೂಡಿಸಿದ್ದಾರೆ.

"ಮ್ಯಾಲಿನ ಬರಹ ಇದ್ದಿದ್ರ ಇಸವಿ ಸುದ್ದಾ ಹೇಳ್ತಿದ್ದೆ," ಎಂದು ಮಾಸ್ತರು ಮೈದುನನನ್ನು ನೋಡಿದರು. ಈ ಸಲ ಅವನು ಹುಬ್ಬು ಹಾರಿಸಲಿಲ್ಲ.

ಕೊನೆಗೆ ದಿಂಡು. ನನ್ನ ಗಂಡ ಕುರ್ಚಿಯನ್ನು ಮುಂದೆ ಎಳೆದುಕೊಂಡು, "ಇದು ಅರಮನಿ ತೋಟದ್ದರಿ," ಎಂದರು. ಮಾಸ್ತರು ಉಗುರಿನಿಂದ ತಟ್ಟಿದರು, ಮೂಸಿದರು. ಗೋರಾ ಬಂದೂಕಿನ ಮರ ಅಕ್ರೋಟಿನದು, ಇದು ನಮ್ಮ ಸೀಸಂ ಮರ, ಬೀಟೆ. ತಿರುವಿದರು. ಚೌಕನೆಯ ಕಿಂಡಿಯ ಮೇಲೆ ಬೆರಳು ನಿಂತಿತು.

"ಇಲ್ಲಿ ಏನೋ ಸಿಗಸಿದ್ರು ಮೊದಲ. ಅಡ್ಡಪಟ್ಟಿ."

"ಮಂಚದ ಅಡ್ಡಪಟ್ಟಿ," ಎಂದರು ಅತ್ತೆ, ಕೂತಲ್ಲಿಂದಲೇ. ಎಲ್ಲರೂ ತಿರುಗಿದರು. "ಹಳೇ ದಿಂಡು ಗೆದ್ದಲ ತಿಂದಿತ್ತು. ನಿಮ್ಮಪ್ಪ ನಮ್ಮ ಮಂಚದ ಮಗ್ಗಲ ಹಲಗಿ ಬಿಚ್ಚಿ ಬಡಗ್ಯಾಗ ಕೊಟ್ರು. ನೀವು ಮೂರೂ ಮಂದಿ ಅದರ ಮ್ಯಾಲ ಹುಟ್ಟಿದ್ರಿ. ಮುಂದ ಮಂಚ ಯಾತಕ್ಕ ಬೇಕಿತ್ತು?"

ನನ್ನ ಗಂಡ ಅರಮನೆಯಿಂದ ಬಾಣಂತಿಕೋಣೆಗೆ ಇಳಿದು ಬಂದದ್ದನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ. ಚಹಾದ ನೆಪ ಮಾಡಿ ಒಳಗೆ ಹೋದೆ.

ಹೊರಗೆ ಬಂದಾಗ ಮಾಸ್ತರು ದಿಂಡಿನಲ್ಲಿ ಸ್ಕ್ರೂ ಕೂಡುವ ತೂತಿನಿಂದ ಚಿಮಟದಲ್ಲಿ ಏನನ್ನೋ ಎಳೆಯುತ್ತಿದ್ದರು. ನೂಲಿನ ಗಂಟು, ಎಣ್ಣೆ ಹಿಡಿದು ಕಪ್ಪಾದದ್ದು. ತೂತು ಸವೆದು ಹಿಗ್ಗಿದ್ದರಿಂದ ಸ್ಕ್ರೂ ಸಡಿಲ. ಪ್ರತಿ ವರ್ಷ ಜೋಡಿಸುವಾಗ ಅತ್ತೆ ಅದಕ್ಕೊಂದು ದಾರ ಸುತ್ತಿ ಬಿಗಿ ಮಾಡುತ್ತಾರೆ; ಸ್ಕ್ರೂ ಬಿಚ್ಚಿದರೂ ದಾರ ಒಳಗೇ ಉಳಿಯುತ್ತದೆ. "ಕಚರಾ," ಎಂದು ಮಾಸ್ತರು ಅದನ್ನು ಚಹಾದ ಬಸಿಯ ಅಂಚಿಗೆ ಇಟ್ಟರು.

ಭಾವ ಕೇಳಿದರು, "ಹಂಗಾರ ಪಾಟಿ ಮ್ಯಾಲ ಏನ್ ಬರಸ್ಲಿ ರೀ?"

"ನಳಗಿ ಒಂದು ಕಾಲದ್ದು, ಕುದುರಿ ಒಂದು ಕಾಲದ್ದು, ಮರ ನಿಮ್ಮ ವಡಿಲರದ್ದು, ಅಪ್ಪಂದು. ಮೂರೂ ಒಬ್ಬರಿಗೊಬ್ಬರು ಸಂಬಂಧ ಇಲ್ಲ. ಇಡೀ ಬಂದೂಕಿಗೆ ಇಸವಿ ಇಲ್ಲ," ಎಂದು ಮಾಸ್ತರು ಚಹಾ ಕುಡಿದು, ಎರಡು ಬಿಸ್ಕತ್ತು ತಿಂದು ಹೊರಟರು.

ಅವರ ಚಪ್ಪಲಿಯ ಸದ್ದು ಮೆಟ್ಟಿಲು ಇಳಿಯುವ ಮೊದಲೇ ಇಲ್ಲಿ ಶುರುವಾಯಿತು. ಭಾವ ತಮ್ಮನಿಗೆ, "ನಿಂದು ಬರೇ ಬೆಳ್ಳಿ ಡಬ್ಬಿ. ಖರೇದ್ದು ಅಂದ್ರ ನನ್ನ ನಳಗಿ ಒಂದ," ಎಂದರು. ಮೈದುನ, "ಗೋರ್ಯಾನ ಪೈಪು ಮನ್ಯಾಗ ಇಟ್ಕೊಂಡ್ ಕುಂಡ್ರು. ನಾ ಇನ್ನ ತರೂದಿಲ್ಲ," ಎಂದು ಟಿಫಿನ್ ಡಬ್ಬಿ ಮುಚ್ಚಿದ. ಭಾವ, "ತರಬ್ಯಾಡ. ನಾನೂ ಬರಾಂವಲ್ಲ," ಎಂದು ನಳಿಗೆಗೆ ಧೋತರ ಸುತ್ತಿದರು. ಇಬ್ಬರೂ ಅವ್ವನ ಕಾಲಿಗೆ ಬಿದ್ದರು, ಅದರಲ್ಲಿ ಕಸರಿಲ್ಲ. ಅವ್ವನ ಮುಖ ನೋಡಲಿಲ್ಲ.

ಬಂದೂಕು ಗಾಜಿನ ಕಪಾಟಿಗೆ ಹೋಗುವುದು ತಪ್ಪಿತು. ಹಬ್ಬವೂ ತಪ್ಪುವ ಹಾಗಾಯಿತು. ಅತ್ತೆ ಅವತ್ತು ಸಂಚಿ ಬಿಚ್ಚಿ ಅಡಿಕೆ ಹುಡುಕುವ ನೆಪದಲ್ಲಿ ಆ ಸ್ಕ್ರೂವನ್ನೇ ಮುಟ್ಟಿ ಮುಟ್ಟಿ ನೋಡುತ್ತಿದ್ದರು.

ಬಸಿ ತೊಳೆಯುವ ಮೊದಲು ನಾನು ಆ ನೂಲಿನ ಗಂಟನ್ನು ಬೆಚ್ಚಗಿನ ಸೋಪಿನ ನೀರಿಗೆ ಹಾಕಿ, ಸೂಜಿಯಿಂದ ಎಳೆ ಎಳೆಯಾಗಿ ಬಿಡಿಸಿದೆ. ಎಲ್ಲಕ್ಕಿಂತ ಒಳಗಿನದು ಹಸಿರು ರೇಷ್ಮೆ. ಅದು ನನ್ನ ಕಸೂತಿಯ ಲಡಿಯದು. ಪಾಲಾದ ಮೊದಲ ವರ್ಷ ಅತ್ತೆ ಕೈ ಚಾಚಿ ಕೇಳಿದ್ದರು. ಅದರ ಮೇಲೆ ಬೂದುಬಣ್ಣದ ಒರಟು ಹತ್ತಿ ನೂಲು, ಮೈದುನ ಇಚಲಕರಂಜಿಯಲ್ಲಿ ಮೊದಲ ಪವರ್‌ಲೂಮ್ ಹಾಕಿದ ವರ್ಷದ್ದು. ಆಗ ಅವನ ಅಂಗಿಯ ಮೇಲೆಲ್ಲ ಅದೇ ನೂಲು. ಕೆಂಪು, ಭಾವನ ಮಗಳ ಕುಬಸದ ಅಂಚಿನದು. ಹೊರಗಿನ ಸುತ್ತುಗಳಲ್ಲಿ ಒಂದು ಬಿಳಿಯ ರಬ್ಬರಿನ ಎಳೆ. ಲಾಕ್‌ಡೌನ್ ವರ್ಷ ಮೈದುನ ಹೇಗೋ ನಾಕಾ ದಾಟಿ ಬಂದಾಗ ಅತ್ತೆ ಅವನ ಮುಖದ ಮಾಸ್ಕನ್ನೇ ಕಿತ್ತು ಅದರ ಕಿವಿದಾರ ಸುತ್ತಿದ್ದರು. ಪೇಪರಿನ ಮೇಲೆ ಸಾಲಾಗಿ ಇಟ್ಟು ಅತ್ತೆಗೆ ತೋರಿಸಿದೆ. ಅವರು ಕಣ್ಣಿಗೆ ಹತ್ತಿರ ತಂದು ಒಂದೊಂದನ್ನೂ ನೋಡಿ, "ಇದರಾಗ ಯಾ ವರ್ಷನೂ ತಪ್ಪಿಲ್ಲ ನೋಡು," ಎಂದರು.

ನಾನು ದನಿ ಎತ್ತಿ ಮಾತಾಡುವ ಹೆಂಗಸಲ್ಲ. ಭಾವ ನನ್ನನ್ನು "ಕಾನ್ವೆಂಟ್ ಬಾಯಾರು" ಎಂದು ಕರೆಯುವುದು ಅದಕ್ಕೇ. ಸುಳ್ಳು ಹೇಳಬಾರದೆಂದು ಅಲ್ಲಿ ಕಲಿಸಿದ್ದರು. ಯಾವ ನಿಜವನ್ನು ಯಾರಿಗೆ ಯಾವಾಗ ಹೇಳಬೇಕೆಂದು ಈ ಮನೆಗೆ ಬಂದು ಕಲಿತೆ. ಹಬ್ಬ ಹತ್ತಿರ ಬಂದಾಗ ಇಚಲಕರಂಜಿಯ ನೆಗೆಣ್ಣಿಗೆ ಫೋನು ಮಾಡಿದೆ. ಅದು ಇದು ಮಾತಾಡಿ, ಭಾವ ಎಲ್ಲರ ಎದುರು ಕುದುರೆಯನ್ನು ಬೆಳ್ಳಿ ಡಬ್ಬಿ ಎಂದದ್ದನ್ನು ನೆನಪಿಸಿದೆ. ಪೂಜೆಗೆ ಅದು ಬರದಿದ್ದರೆ, ತೋರಿಸಲು ಮುಖವಿಲ್ಲದೆ ತರಲಿಲ್ಲ ಎಂದಾರು, ನೋಡು ಎಂದೆ. ಆಮೇಲೆ ಗಡಹಿಂಗ್ಲಜಕ್ಕೆ ಮಾಡಿದೆ. ಮೈದುನ ಗೋರ್ಯಾನ ಪೈಪು ಎಂದದ್ದನ್ನು ಭಾವನ ಹೆಂಡತಿಗೂ ನೆನಪಿಸಿದೆ. ಎರಡೂ ಕಡೆ, "ನನಗ್ಯಾಕ ಬೇಕ್ರಿ, ಕಿವಿಗೆ ಬಿದ್ದದ್ದು ಹೇಳಿದೆ," ಎಂದು ಇಟ್ಟೆ.

ಖಂಡೇನವಮಿಯ ದಿನ ಅತ್ತೆ ಬೆಳಿಗ್ಗೆಯೇ ಮಿಂದು ಬಾಗಿಲಿನ ಹತ್ತಿರ ಕೂತಿದ್ದರು. ನಾನು ಊಟದ ಎಲೆ ಹಾಕಲಿಲ್ಲ. ಹಾಕಿ ತೆಗೆಯುವುದು ಅವರ ಕಣ್ಣಿಗೆ ಬೀಳಬಾರದಿತ್ತು. ದಿಂಡೊಂದೇ ಮಣೆಯ ಮೇಲೆ, ಸ್ಕ್ರೂ ಇಲ್ಲದ ತೂತು ತೆರೆದುಕೊಂಡು ಮಲಗಿತ್ತು. ಬಿಸಿಲು ಹೊಸ್ತಿಲು ದಾಟಿತು. ಅಷ್ಟರಲ್ಲಿ ಕೆಳಗೆ ಒಂದು ಕಾರು, ಅದರ ಹಿಂದೆಯೇ ಒಂದು ಬೈಕು. ಮೆಟ್ಟಿಲ ಮೇಲೇ ಜಗಳ ಕೇಳಿಸಿತು.

"ಬೆಳ್ಳಿ ಕೆರ್ಸ್ಕೊಂಡ್ ಬಂದೇನಿ ನೋಡು! ಖರೇ ಪೋಲಾದಿ ಉಕ್ಕು! ಮಂದಿ ನೋಡ್ಲಿ!"

"ಕೆರ್ಸಿ ಕೆರ್ಸಿ ಕುದುರಿ ಹೋಗಿ ಕತ್ತೆ ಮಾಡ್ಕೊಂಡ್ ಬಂದಾನ. ನಳಗಿ ನೋಡ್ಲೇ, ಕಂಪನಿ ಸರಕಾರ ನಡುಗಿಸಿದ್ದು!"

"ನಿನ್ನಿ ತನಕಾ ಬಿಲ್ವಪತ್ರಿ ಇತ್ತಲ್ಲೋ ಅದು!"

ನನ್ನ ಗಂಡ ಒಳಗಿನಿಂದ ಓಡಿ ಹೋಗಿ, "ನೀವಿಬ್ರೂ ಸುಮ್ನಿರ್ರಿ, ನಮ್ಮ ದಿಂಡು ಖಾಸ ಅಪ್ಪನ ಮಂಚದ್ದು, ಅದೊಂದ ಈ ಮನೆತನದ್ದು," ಎಂದು ಸೇರಿಕೊಂಡರು. ಅರಮನೆ ಮರೆತೇ ಹೋಗಿತ್ತು.

ನಾನು ನೆಗೆಣ್ಣಿಯರ ಕೈಯಿಂದ ಡಬ್ಬಿಗಳನ್ನು ತೆಗೆದುಕೊಂಡು ಎಲೆ ಹಾಕಿದೆ. ಮೂವರೂ ಬೈದಾಡುತ್ತಲೇ ಮಣೆಯ ಸುತ್ತ ಕೂತು ನಳಿಗೆಯನ್ನು ದಿಂಡಿನ ಮೇಲಿಟ್ಟರು, ಕುದುರೆಯನ್ನು ಒತ್ತಿ ಕೂಡಿಸಿದರು. ಆಮೇಲೆ ಕೈ ಚಾಚಿದರು. ಅತ್ತೆ ಸಂಚಿ ಬಿಚ್ಚಿ ಸ್ಕ್ರೂ ತೆಗೆದು, ಸೆರಗಿನಲ್ಲಿ ಒರೆಸಿ, ಸುತ್ತ ದಾರ ಹುಡುಕಿದರು. ಭಾವನ ನಳಿಗೆಗೆ ಸುತ್ತಿದ ಧೋತರವನ್ನು ಒಂದು ಅಗಲನೆಯ ಕೆಂಪು ರಿಬ್ಬನ್ನಿನಿಂದ ಕಟ್ಟಲಾಗಿತ್ತು. ಗಾಜಿನ ಕಪಾಟಿನ ಉದ್ಘಾಟನೆಗೆಂದು ತಂದದ್ದು ಎಂದು ಹಿರಿಯ ನೆಗೆಣ್ಣಿ ನನ್ನ ಕಿವಿಯಲ್ಲಿ ಉಸುರಿದರು. ಕಪಾಟಿನಲ್ಲಿ ಈಗ ಅವರ ಗಾಜಿನ ಬಟ್ಟಲುಗಳಿವೆಯಂತೆ.

ಅತ್ತೆ ರಿಬ್ಬನ್ನಿನ ಅಂಚಿನಿಂದ ಒಂದು ಎಳೆ ಜಗ್ಗಿದರು. ಅದು ಉದ್ದಕ್ಕೆ ಬಂತು. ಹಲ್ಲಿಲ್ಲದ ಬಾಯಿಯಿಂದ ಕಡಿಯಲು ನೋಡಿ ಆಗದೆ ನನ್ನ ಕಡೆ ಚಾಚಿದರು. ನಾನು ಕತ್ತರಿಸಿ ಕೊಟ್ಟೆ.